ನೀಲಿ ಮ್ಯಾಟಿನ ಮೇಲೆ ಭಂಡಾರ

ಹೊಸ ರಬ್ಬರಿನ ವಾಸನೆಯನ್ನು ಯಾರೂ ಪರಿಮಳ ಅನ್ನುವುದಿಲ್ಲ. ನಾನು ಅನ್ನುತ್ತೇನೆ. ಮೊನ್ನೆ ಅಕ್ಕನ ಮಗಳನ್ನು ಕಬಡ್ಡಿ ಆಯ್ಕೆಗೆಂದು ಸೋಲಾಪುರದ ಒಂದು ಕಾಲೇಜಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಆಟದ ಹಾಲ್‌ನೊಳಗೆ ಹುಡುಗರು ನೀಲಿ ಮ್ಯಾಟಿನ ಚೌಕಗಳನ್ನು ಹಲ್ಲಿಗೆ ಹಲ್ಲು ಕೂಡಿಸಿ ಹಾಸುತ್ತಿದ್ದರು. ಕಾದ ರಬ್ಬರು, ಅದರ ಜೊತೆ ನೋವಿನ ಮುಲಾಮಿನ ಘಾಟು, ಅದರ ಜೊತೆ ಬೆವರು. ಮೂಗಿಗೆ ಬಡಿದದ್ದೇ ತಡ, ಬ್ಯಾಗು ಕೆಳಗಿಟ್ಟೆ. ಯಾರೂ ಕರೆಯದಿದ್ದರೂ ಹೋಗಿ, ಮೂಲೆಯಲ್ಲಿ ಎದ್ದು ನಿಂತಿದ್ದ ಒಂದು ಚೌಕವನ್ನು ಹಿಮ್ಮಡಿಯಿಂದ ಒತ್ತಿ ಕೂರಿಸಿದೆ.

"ಮಾವಶೀ, ಎಲ್ಲಾರೂ ನೋಡಾಕತ್ತಾರ. ನಿನಗ್ಯಾಕ ಬೇಕ ಅದು?" ಎಂದು ಅಕ್ಕನ ಮಗಳು ನನ್ನ ದುಪಟ್ಟಾ ಜಗ್ಗಿದಳು.

ಅವಳಿಗೆ ಏನು ಹೇಳುವುದು? ಅವಳ ಕಣ್ಣಿಗೆ ನಾನು ಸಹಕಾರಿ ಸೊಸೈಟಿಯ ಕೌಂಟರಿನ ಹಿಂದೆ ಕೂತು ಬಂದವರಿಗೆಲ್ಲ 'ನಾಳೆ ಬರ್ರಿ' ಅನ್ನುವವಳು. ಒಂದು ಚಳಿಗಾಲ ಪೂರ್ತಿ ಮ್ಯಾಟು ಹಾಸುವುದು, ಮ್ಯಾಟು ಒರೆಸುವುದು, ಮ್ಯಾಟು ಕಾಯುವುದೇ ನನ್ನ ಕೆಲಸವಾಗಿತ್ತು ಎಂದರೆ ಅವಳು ನಂಬುವುದಿಲ್ಲ. ಕಾದದ್ದು ಯಾರಿಂದ ಎಂದು ಹೇಳಿದರಂತೂ ನಗುತ್ತಾಳೆ. ಅವಳ ಮುತ್ತಜ್ಜನಿಂದಲೇ ಕಾದಿದ್ದೆ.

ಆಗ ನಾನು ಸೋಲಾಪುರದಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ. ಎಲ್ಲರೂ ಕೆಲವು ತಿಂಗಳು ಎಲ್ಲಾದರೂ ಇಂಟರ್ನ್ ಆಗಿ ದುಡಿದು ಬರಬೇಕೆಂದು ಕಾಲೇಜಿನವರು ಹೇಳಿದರು. ಮಾರ್ಕ್ಸು ಇದ್ದವರು ಲೆಕ್ಕಪತ್ರದ ಆಫೀಸು ಹಿಡಿದರು, ಪರಿಚಯ ಇದ್ದವರು ಬ್ಯಾಂಕು ಹಿಡಿದರು. ಎರಡೂ ಇಲ್ಲದ ನನ್ನ ಪಾಲಿಗೆ ಬಂದದ್ದು 'ಬೋರಿ ಬಹಾದ್ದರ್' ಎಂಬ ಕಬಡ್ಡಿ ತಂಡ. ಜಿಲ್ಲೆಯೊಳಗಿನ ಸಣ್ಣ ಲೀಗು, ಟಿವಿಯಲ್ಲಿ ಬರುವಂಥದ್ದಲ್ಲ. ಟವೆಲ್ಲು, ಚಾದರು ನೇಯಿಸುವ ಒಬ್ಬ ಶೇಟರು ಹುರುಪಿನಲ್ಲಿ ಕಟ್ಟಿದ ತಂಡ. ಆಫೀಸು ಅಂದರೆ ಅವರ ಗೋದಾಮಿನ ಒಂದು ಮೂಲೆ, ನನ್ನ ಕುರ್ಚಿ ಅಂದರೆ ಒಂದು ಚಾದರಿನ ಗಂಟು. ಕುರ್ಚಿಗಿಂತ ಅದೇ ಮೆತ್ತಗಿತ್ತು, ಸುಳ್ಳು ಹೇಳಬಾರದು.

ಮ್ಯಾನೇಜರು ಮೋಹಿತೆ ಸರ್. ಮರಾಠಿಯವರು. ನಮ್ಮ ಕಡೆಯ ಕನ್ನಡ ಅವರಿಗೆ ತಿಳಿಯುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. 'ಟೆನ್ಶನ್ ನಾಹೀ ಘ್ಯಾಯಚ', ಚಿಂತೆ ಮಾಡಬಾರದು ಎನ್ನುವುದು ಅವರ ಮಂತ್ರ. ಆ ಮಂತ್ರ ಬಾಯಿಂದ ಹೊರಟಿತೆಂದರೆ ಏನೋ ಕೆಟ್ಟಿದೆ ಎಂದು ನಾನು ಎರಡನೆಯ ದಿನವೇ ಕಲಿತೆ. ಊಟ ಬಾರದಿದ್ದರೆ ಒಮ್ಮೆ ಅನ್ನುತ್ತಿದ್ದರು, ಆಟಗಾರ ಬಾರದಿದ್ದರೆ ಮೇಲಿಂದ ಮೇಲೆ ಅನ್ನುತ್ತಿದ್ದರು.

ತಂಡದ ಹುಡುಗರಲ್ಲಿ ಬಹಳ ಮಂದಿ ಅಕ್ಕಲಕೋಟ ತಾಲೂಕಿನ ಹಳ್ಳಿಯವರಾದ್ದರಿಂದ ನಮ್ಮ ತವರಿನಂಗಳದ ಪಂದ್ಯಗಳು ಅಕ್ಕಲಕೋಟದಲ್ಲೇ ಆಗುತ್ತಿದ್ದವು. ಕ್ರೀಡಾಂಗಣವೇನೂ ಅಲ್ಲ, ಒಂದು ಮಂಗಲ ಕಾರ್ಯಾಲಯ. ಮುಹೂರ್ತವಿಲ್ಲದ ರವಿವಾರ ನೋಡಿ ನಮಗೆ ಕೊಡುತ್ತಿದ್ದರು. ವಧೂವರರು ಕೂರುವ ವೇದಿಕೆಯ ಮೇಲೆ ಗಣ್ಯರ ಕುರ್ಚಿ, ಊಟದ ಪಂಕ್ತಿ ಕೂರುವಲ್ಲಿ ಮ್ಯಾಟು. ಬೆಳಗ್ಗೆ ಸೋಲಾಪುರದಿಂದ ಎಸ್.ಟಿ. ಬಸ್ಸು ಹಿಡಿದು ಹೋಗಿ ನಾನು ಮಾಡುತ್ತಿದ್ದ ಮೊದಲ ಕೆಲಸ ಹಿಂದಿನ ಮದುವೆಯ ಅಕ್ಷತೆ ಗುಡಿಸುವುದು. ಒಂದು ಕಾಳು ಮ್ಯಾಟಿನಡಿ ಉಳಿದರೂ ಆಟಗಾರನ ಮೊಣಕಾಲಿಗೆ ಚುಚ್ಚುತ್ತದೆ. ಎಷ್ಟು ಗುಡಿಸಿದರೂ ಅವು ಎಲ್ಲಿಂದಲೋ ಬರುತ್ತಿದ್ದವು. ಅಕ್ಕಲಕೋಟದಲ್ಲಿ ಅಷ್ಟು ಮದುವೆಗಳಾಗುತ್ತವೆಂದು ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಮ್ಯಾಟು ಹಾಸುವುದು, ಅಂಚಿಗೆ ಟೇಪು ಹಚ್ಚುವುದು, ಐಸಿನ ಪೆಟ್ಟಿಗೆ ತುಂಬುವುದು, ಬಾಗಿಲಲ್ಲಿ ನಿಂತು ತಿಕೀಟು ಹರಿಯುವುದು, ನಡುವೆ ಓಡಿ ಹೋಗಿ ಹಾಡು ಹಚ್ಚುವುದು. ತಂಡದ ಗುರುತೆಂದು ಕುಣಿಸುತ್ತಿದ್ದ ಟಗರಿನ ವೇಷದ ಒಳಗಿದ್ದವನು ಸೆಕೆಗೆ ತಲೆಸುತ್ತಿ ಕೂತಾಗ ಅವನಿಗೆ ನಿಂಬೆ ನೀರು ಕುಡಿಸುವುದೂ ನಾನೇ. ಆ ಟಗರನ್ನು ಸೋಲಾಪುರದ ಯಾವನೋ ದರ್ಜಿ ಹೊಲಿದಿದ್ದ. ನೋಡಿದರೆ ಆಡಿನ ಹಾಗೆ ಕಾಣುತ್ತಿತ್ತು. ಕರಜಗಿಯಿಂದ ಬಂದ ನಮ್ಮ ಮಂದಿ ಮೊದಲ ದಿನ ಆಟಕ್ಕಿಂತ ಅದನ್ನು ನೋಡಿಯೇ ಹೆಚ್ಚು ನಕ್ಕರು.

ನಮ್ಮ ಮಂದಿ ಅಂದೆನಲ್ಲ, ಅವರ ವಿಷಯಕ್ಕೇ ಬರುತ್ತೇನೆ. ನನ್ನೂರು ಕರಜಗಿ. ಅಪ್ಪ ಸಕ್ಕರೆ ಕಾರ್ಖಾನೆಯ ಪಗಾರದವನು, ಆದರೆ ಅಪ್ಪನ ಅಪ್ಪ ಮಾಳಪ್ಪ ಮುತ್ಯಾ ಮಾತ್ರ ಕುರಿ ಬಿಟ್ಟವನಲ್ಲ. ಕುರಿಗಾರರ ದೇವರು ಬೀರೋಬಾ, ಊರಿನ ಅವನ ಗುಡಿಯಲ್ಲಿ ಮುತ್ಯಾನ ಮಾತೇ ಮಾತು. ಸೊಂಟದಲ್ಲಿ ಭಂಡಾರದ ಚೀಲ ಸದಾ ಇರಬೇಕು. ಭಂಡಾರ ಅಂದರೆ ದೇವರ ಅರಿಸಿನ. ಕುರಿ ಮೇಯಲು ಹೊರಟರೆ ಚಿಟಿಕೆ, ಮೊಮ್ಮಗಳು ಪರೀಕ್ಷೆಗೆ ಹೊರಟರೆ ಚಿಟಿಕೆ, ಹೊಸ ಟ್ರ್ಯಾಕ್ಟರ್ ಬಂದರೆ ಬೊಗಸೆ. ಸೆಣಸಲು ಹೊರಟ ಗಂಡಸರ ಮೇಲೆ ಅವನು ಅದನ್ನು ಹಾರಿಸದೆ ಬಿಟ್ಟದ್ದನ್ನು ಯಾರೂ ಕಂಡಿಲ್ಲ.

ಹೀಗಾಗಿ ನಮ್ಮ ಮೊದಲ ಪಂದ್ಯಕ್ಕೆ ಕರಜಗಿ, ಹನ್ನೂರಿನ ಕಡೆಯಿಂದ ಟೆಂಪೊ ತುಂಬಿ ಬಂದವರು, ಹುಡುಗರು ಸಾಲಾಗಿ ಓಡುತ್ತ ಒಳಗೆ ಬಂದ ಕೂಡಲೇ ಮಾಡಿದ್ದೇನು ಎಂದು ಹೇಳಬೇಕಾಗಿಲ್ಲ. "ಬೀರೋಬಾನ ಹೆಸರಲೆ ಚಾಂಗಭಲ!" ಎಂದು ಮುತ್ಯಾನ ಜಯಕಾರ ಕೇಳಿತು, ಹಾಲಿನ ಗಾಳಿಯೆಲ್ಲ ಹಳದಿಯಾಯಿತು. ನೋಡಲು ಎಷ್ಟು ಚಂದ ಇತ್ತೆಂದರೆ, ಮೋಹಿತೆ ಸರ್ ಕೂಡ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ಆಮೇಲೆ ಆ ಹಳದಿ ನಿಧಾನಕ್ಕೆ ಇಳಿದು ನಮ್ಮ ನೀಲಿ ಮ್ಯಾಟಿನ ಮೇಲೆ ಕೂತಿತು.

ಮೊದಲ ರೇಡಿಗೇ ನಮ್ಮ ಸಿದ್ಧಾರ್ಥ ಜಾರಿದ. ಹನ್ನೂರಿನ ಹುಡುಗ, ಕರೆಂಟಿನ ಲೈನ್‌ಮನ್ ಒಬ್ಬರ ಮಗ, ನಮ್ಮ ತಂಡದಲ್ಲಿ ಎದುರಾಳಿಯ ಅಂಗಳಕ್ಕೆ ನುಗ್ಗಿ ಬರುವವರಲ್ಲಿ ಅವನೇ ಗಟ್ಟಿ. ಎದುರಾಳಿಗಳು ಮುಟ್ಟುವ ಮೊದಲೇ ಅಂಗಾತ ಬಿದ್ದ. ಅವನ ಮೇಲೆ ಹಾರಿದ ಎದುರಾಳಿ ಸಾಂಗೋಲೆ ತಂಡದ ಹುಡುಗನೂ ಬಿದ್ದು ಮೊಣಕೈ ತರಚಿಕೊಂಡ. ರೆಫರಿ ಸೀಟಿ ಊದಿ ಆಟ ನಿಲ್ಲಿಸಿದರು. ನಾನು ದೊಡ್ಡ ಜಾಣೆ, ಬಕೆಟ್ಟು ತಂದು ನೀರು ಹಾಕಿ ಒರೆಸಿದೆ. ಒಣ ಪುಡಿಯಾಗಿದ್ದದ್ದು ಲೇಪವಾಯಿತು. ನೀಲಿ ಮ್ಯಾಟು ಅಲ್ಲಲ್ಲಿ ಹಸಿರಾಯಿತು. ಒಣ ಬಟ್ಟೆ ಸಾಲದೆ ಕೊನೆಗೆ ಶೇಟರ ಹೊಸ ಟವೆಲ್ಲುಗಳ ಗಂಟೇ ಬಿಚ್ಚಬೇಕಾಯಿತು.

"ಗಾಯ ಆದ ಮ್ಯಾಲ ಅರಿಸಿಣ ಹಚ್ತಾರ. ನಮ್ಮ ಮಂದಿ ಮೊದಲs ಹಚ್ಯಾರ ನೋಡ ಸುರೇಖಾ," ಎಂದ ಸಿದ್ಧಾರ್ಥ, ಸೊಂಟ ಹಿಡಿದುಕೊಂಡು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೋಹಿತೆ ಸರ್ ಮೂಲೆಯಲ್ಲಿ ನಿಂತು ಮಂತ್ರ ಜಪಿಸುತ್ತಿದ್ದರು.

ಎರಡನೆಯ ಪಂದ್ಯಕ್ಕೆ ಸರ್ ಮೈಕಿನಲ್ಲಿ ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿಸಿದರು: ಪ್ರೇಕ್ಷಕರು ಮ್ಯಾಟಿನ ಮೇಲೆ ಯಾವ ಕಸವನ್ನೂ ಎಸೆಯಬಾರದು. ನಮ್ಮ ಮಂದಿ ಕೇಳಿಸಿಕೊಂಡರು. ಕೇಳಿಸಿಕೊಂಡು ಶೇಂಗಾ ಸಿಪ್ಪೆಯನ್ನು ಕೂಡ ಧೋತರದ ತುದಿಯಲ್ಲಿ ಕಟ್ಟಿಕೊಂಡು ಕೂತರು. ಅಷ್ಟು ಚೊಕ್ಕ ಪ್ರೇಕ್ಷಕರನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಹುಡುಗರು ಒಳಗೆ ಬಂದರು, ಭಂಡಾರ ಹಾರಿತು. ಭಂಡಾರವನ್ನು ಕಸದ ಸಾಲಿಗೆ ಸೇರಿಸುವ ಬುದ್ಧಿ ಅವರಲ್ಲಿ ಯಾರಿಗೆ ಬಂದೀತು?

ಆ ಸಂಜೆ ಲೀಗಿನವರು ಕಡ್ಡಿ ಮುರಿದಂತೆ ಹೇಳಿದರು. ಇನ್ನೊಂದು ಸಲ ಮ್ಯಾಟಿನ ಮೇಲೆ ಭಂಡಾರ ಬಿದ್ದರೆ ಆ ಪಂದ್ಯ ಎದುರಾಳಿಗೆ, ಮತ್ತು ಮುಂದಿನ ವರ್ಷದಿಂದ ಅಕ್ಕಲಕೋಟದಲ್ಲಿ ಪಂದ್ಯವೇ ಇಲ್ಲ. ಅಲ್ಲಿ ಉಳಿದಿದ್ದದ್ದು ಒಂದೇ ಪಂದ್ಯ. ನಮ್ಮ ತಂಡ ಪಟ್ಟಿಯ ತಳದಲ್ಲಿತ್ತು, ಗೆದ್ದರೂ ಮೇಲೇರುವಂತಿರಲಿಲ್ಲ. ಆದರೆ ಅಕ್ಕಲಕೋಟದ ಅಂಗಳ ಹೋದರೆ ಸಿದ್ಧಾರ್ಥನ ಅವ್ವ ಮಗನ ಆಟ ಎಲ್ಲಿ ನೋಡಬೇಕು? ಕುರಿ ಬಿಟ್ಟು ಒಂದು ರಾತ್ರಿಯೂ ಹೊರಗುಳಿಯದ ನಮ್ಮ ಮುತ್ಯಾ ಜಿಲ್ಲೆಯ ಆ ತುದಿಗೆ ಹೋಗುತ್ತಾನೆಯೇ? ನನಗೂ ಆ ಮದುವೆ ಮನೆಯ ಅಂಗಳದ ಮೇಲೆ ಜೀವ ಕೂತಿತ್ತು. ಅಲ್ಲಿ ಕನ್ನಡದವರು, ಮರಾಠಿಯವರು, ಊರಿನ ಸ್ವಾಮಿಗಳ ಗುಡಿಗೆ ದರ್ಶನಕ್ಕೆ ಬಂದು ಬಸ್ಸಿಗೆ ಹೊತ್ತಿದೆಯೆಂದು ಒಳಗೆ ಇಣುಕಿದವರು, ಎಲ್ಲ ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕೂತು ಒಂದೇ ದನಿಯಲ್ಲಿ ಕೂಗುತ್ತಿದ್ದರು.

ಬಾಗಿಲಲ್ಲಿ ಪೊಲೀಸರನ್ನು ನಿಲ್ಲಿಸಿ ಭಂಡಾರದ ಚೀಲ ಕಸಿದುಕೊಳ್ಳುವುದೆಂದು ಮೋಹಿತೆ ಸರ್ ಯೋಚನೆ ಮಾಡಿದರು.

"ಬ್ಯಾಡ್ರಿ ಸರ್. ಚೀಲಕ್ಕ ಕೈ ಹಾಕಿದ್ರ ಎಲ್ಲಾರೂ ತಿರುಗಿ ಹೋಗ್ತಾರ. ಮೊದಲ ಹೋಗಾಂವ ನಮ್ಮ ಮುತ್ಯಾನs."

"ಮಗ ಕಾಯ ಕರಾಯಚ?" ಎಂದರು. ಹಾಗಾದರೆ ಏನು ಮಾಡೋಣ?

"ನಾ ನೋಡ್ಕೋತೀನಿ," ಎಂದುಬಿಟ್ಟೆ. ಬಾಯಿ ನನ್ನದು, ತಡೆಯುವವರು ಯಾರು? ಹೇಗೆ ನೋಡಿಕೊಳ್ಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಸರ್ ಮಾತ್ರ ಅದನ್ನು ಲೀಗಿನವರಿಗೆ ಫೋನು ಮಾಡಿ ಹೇಳಿಯೂ ಬಿಟ್ಟರು. ನಮ್ಮ ಸುರೇಖಾ ಮಾತು ಕೊಟ್ಟಿದ್ದಾಳೆ ಎಂದು.

ನಡುವಿನ ವಾರದಲ್ಲಿ ಊರಿಗೆ ಹೋದೆ. ಜೋಳ ಹಾಲುಗಟ್ಟಿ, ಎಳೆ ತೆನೆಯ ಸೀತನಿ ಸುಡುವ ದಿನಗಳು. ಬೆಳಗಿನ ಚಳಿಗೆ ಹೊಗೆ ನೆಲ ಬಿಟ್ಟು ಏಳುತ್ತಿರಲಿಲ್ಲ. ಮುತ್ಯಾನ ಕುರಿ ಬೋರಿ ಹೊಳೆಯ ಕಡೆ ಕಬ್ಬು ಕಡಿದ ಹೊಲದಲ್ಲಿದ್ದವು. ನನಗೊಂದು ಸೀತನಿ ತೆನೆ ತಿಕ್ಕಿ ಕೊಟ್ಟು, ಚಟ್ನಿ ಪುಡಿ ಮುಂದಿಟ್ಟು, ಆರಾಮಿದ್ದೀಯಾ ಎಂದು ಕೇಳಿದ. ನಾನು ಆರಾಮಿಲ್ಲ ಎಂದೆ, ಎಲ್ಲ ಹೇಳಿದೆ. ಅವನ ಮುಖ ಗಂಟಾಯಿತು.

"ಬೀರೋಬಾನ ಭಂಡಾರದ ಮ್ಯಾಲ ಜಾರಿ ಬೀಳ್ತಾರಂದ್ರ ಅವರ ಕಾಲಾಗ ದಮ್ಮಿಲ್ಲ ಅನ್ನು."

"ನಮ್ಮ ಹುಡುಗನೂ ಬಿದ್ದಾನಲ್ಲೋ ಮುತ್ಯಾ. ಸಿದ್ಧಾರ್ಥನ ಸೊಂಟ ಇನ್ನೂ ನೋಯಾಕತ್ತೈತಿ."

ಅದು ಅವನಿಗೆ ತಾಗಿತು. ಆದರೂ ಹಟ ಬಿಡಲಿಲ್ಲ. "ಹುಡುಗ್ರು ಸೆಣಸಾಕ ಹೊಂಟಾಗ ಬರೇ ಕೈಲೆ ಹ್ಯಾಂಗ ಕಳಸಲಿ? ನಮ್ಮಪ್ಪ ಕಳಿಸಿಲ್ಲ, ನಮ್ಮಜ್ಜ ಕಳಿಸಿಲ್ಲ. ನೀ ಸಾಲಿ ಕಲತಾಕಿ. ಕಲತು ಬಂದು ನನ್ನ ಕೈ ಹಿಡಿಯೂ ಕೆಲಸ ಮಾಡಾಕತ್ತೀಯೇನ? ಭಂಡಾರ ಬ್ಯಾಡ ಅಂದ್ರ ನಾನೂ ಬರೂದಿಲ್ಲ, ನನ್ನ ಮಂದೀನೂ ಬರೂದಿಲ್ಲ."

ನನಗೂ ಸಿಟ್ಟು ಬಂತು. ಬರಬೇಡ ಎಂದು ಹೇಳಲು ಬಾಯಿ ತೆರೆದವಳು, ಸೀತನಿ ಬಾಯಿಗೆ ಹಾಕಿಕೊಂಡು ಅದನ್ನು ಮುಚ್ಚಿದೆ. ಅವನು ಬರದಿದ್ದರೆ ಮ್ಯಾಟು ಚೊಕ್ಕ ಉಳಿಯುತ್ತಿತ್ತು, ನನ್ನ ಮಾತೂ ಉಳಿಯುತ್ತಿತ್ತು. ಆದರೆ ಯಾರೂ ಇಲ್ಲದ ಹಾಲಿನಲ್ಲಿ ಚೊಕ್ಕ ಮ್ಯಾಟು ಹಾಸಿಕೊಂಡು ನಾನೇನು ಮಲಗಬೇಕಿತ್ತೇ?

ಹಾಗೇ ಕೂತಿದ್ದಾಗ ಇಬ್ಬರು ಕುರಿಗಾರರು ಜಗಳ ತೆಗೆದುಕೊಂಡು ಅವನ ಮುಂದೆ ಬಂದರು. ಒಂದು ಮರಿ ಇಬ್ಬರ ಹಿಂಡಿನ ನಡುವೆ ಸಿಕ್ಕಿತ್ತು, ಇಬ್ಬರೂ ತನ್ನದೆನ್ನುತ್ತಿದ್ದರು. ಮುತ್ಯಾ ಮಾತು ಬೆಳೆಸಲಿಲ್ಲ. ಸೊಂಟದ ಚೀಲ ಬಿಚ್ಚಿ ಅಂಗೈಯಲ್ಲಿ ಭಂಡಾರ ಹಾಕಿಕೊಂಡು ಮುಂದೆ ಹಿಡಿದ. "ಎತ್ತಿ ಹೇಳ್ರಿ. ಯಾರ ಮರಿ?" ಎಂದ. ಒಬ್ಬ ಚಿಟಿಕೆ ಎತ್ತಿ ತನ್ನದೆಂದ. ಅಲ್ಲಿಯವರೆಗೆ ಗಂಟಲು ಹರಿಯುವಂತೆ ಕೂಗುತ್ತಿದ್ದ ಇನ್ನೊಬ್ಬ ಕೈ ಮುಂದೆ ತಂದವನು ಹಿಂದಕ್ಕೆ ಎಳೆದುಕೊಂಡ. "ಇರ್ಲಿ ಬಿಡ ಕಾಕಾ. ನಂದs ಕಣ್ಣ ತಪ್ಪಿರಬೇಕು," ಎಂದು ಹೋಗಿಬಿಟ್ಟ.

ನಮ್ಮಲ್ಲಿ ಅದು ಹಾಗೆಯೇ. ಕೋರ್ಟಿನಲ್ಲಿ ಸುಳ್ಳು ಹೇಳಿದವರಿದ್ದಾರೆ, ಹೆಂಡತಿಗೆ ಹೇಳಿದವರಂತೂ ಊರ ತುಂಬ ಇದ್ದಾರೆ. ಭಂಡಾರ ಎತ್ತಿ ಆಡಿದ ಮಾತನ್ನು ಮುರಿದವರನ್ನು ನಾನು ಕೇಳಿಲ್ಲ. ಹುಟ್ಟಿದಾಗಿನಿಂದ ನೋಡಿದ್ದ ಆ ಪದ್ಧತಿಯನ್ನು ನಾನು ಅಂದು ಹೊಸದಾಗಿ ನೋಡಿದೆ.

"ಮುತ್ಯಾ, ಭಂಡಾರ ಎತ್ತಿ ಹೇಳಿದ್ದನ್ನ ಬಿಡಬಹುದೇನ?" ಎಂದು ಮೆಲ್ಲಗೆ ಕೇಳಿದೆ.

ಅವನು ನನ್ನ ಮುಖವನ್ನೇ ನೋಡಿದ. ಕುರಿ ಕಾಯುವವನ ಕಣ್ಣು, ಅದರ ಮುಂದೆ ಏನೂ ಅಡಗುವುದಿಲ್ಲ. "ನನಗs ಬಲೆ ಬೀಸಾಕತ್ತೀಯಾ, ಮೂಳಿ?" ಎಂದ. ಎದ್ದು ಕುರಿ ಹೊಡೆದುಕೊಂಡು ಹೋದ.

ಕೊನೆಯ ಪಂದ್ಯದ ರವಿವಾರ ಅಕ್ಷತೆಯನ್ನು ಎರಡೆರಡು ಸಲ ಗುಡಿಸಿದೆ. ನಮ್ಮವ್ವನಿಗೆ ಹೇಳಿ ಬೀರೋಬಾನ ಗುಡಿಯ ಭಂಡಾರವನ್ನೇ ತರಿಸಿ ಒಂದು ಹಿತ್ತಾಳೆ ತಾಟಿಗೆ ತುಂಬಿದ್ದೆ. ಅದನ್ನು ಹಿಡಿದು ಬಾಗಿಲಲ್ಲಿ ನಿಂತೆ. ತಿಕೀಟು ಹರಿಯುವ ಕೆಲಸವನ್ನು ಅಂದು ಸರ್ ಮಾಡಿದರು. "ಟೆನ್ಶನ್ ನಾಹೀ," ಎಂದು ಶುರು ಮಾಡಿದವರು ನನ್ನ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡರು.

ಇಳಿಹೊತ್ತಿಗೆ ಟೆಂಪೊ ಬಂದವು. ಎರಡು ತುಂಬಿ ಬಂದಿದ್ದವು. ಮೊದಲಿನದರಿಂದ ಮುತ್ಯಾ ಇಳಿದ, ತಲೆಗೆ ಹೊಸ ಪಟಕಾ ಸುತ್ತಿದ್ದ, ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಚೀಲ. ನನ್ನ ಜೀವ ಅರ್ಧ ಬಂದಂತಾಯಿತು. ಅವನ ಹಿಂದೆ ಎಲ್ಲರೂ ಬಾಗಿಲಿಗೆ ಬಂದು ತಾಟು ನೋಡಿ ನಿಂತರು.

"ಕಾಕಾರ, ಮಾಮಾರ, ಎಲ್ಲಾರೂ ಕೇಳ್ರಿ," ಎಂದೆ. "ಇವತ್ತ ಮ್ಯಾಟಿನ ಮ್ಯಾಲ ಭಂಡಾರ ಬಿದ್ರ ನಮ್ಮ ಹುಡುಗ್ರ ಆಟ ಈ ಊರಾಗ ಮತ್ತ ಆಗೂದಿಲ್ಲ. ಯಾರ ಚೀಲಕ್ಕೂ ನಾ ಕೈ ಹಾಕೂದಿಲ್ಲ. ಈ ತಾಟನ್ಯಾಗಿಂದ ಎತ್ತಿ ಹೇಳ್ರಿ, ಆಟ ಮುಗಿಯೂತನ ಹಾರಸೂದಿಲ್ಲ ಅಂತ. ಹೇಳಾಕ ಮನಸಿಲ್ಲದವ್ರು ಹಂಗs ಒಳಗ ಹೋಗ್ರಿ. ನಾ ತಡಿಯೂದಿಲ್ಲ."

ಯಾರೂ ಕದಲಲಿಲ್ಲ. ಎಲ್ಲರ ಕಣ್ಣೂ ಮುತ್ಯಾನ ಮೇಲೆ. ಹಿಂದಿನಿಂದ ಒಬ್ಬ, "ದೇವರಿಗೆ ಲಗಾಮ ಹಾಕಾಕ ನಿಂತಾಳ ನೋಡ ಹುಡುಗಿ," ಎಂದು ಗೊಣಗಿದ. ನಾನು ತಾಟು ಇಳಿಸಲಿಲ್ಲ. ಕೆಳಗೆ ನೋಡಿದೆ. ಮುತ್ಯಾನ ಕಾಲಿನ ಹಳೆಯ ಚಪ್ಪಲಿ ಮಾತ್ರ ಕಾಣುತ್ತಿತ್ತು. ಅವು ತಿರುಗಿ ಹೋಗುತ್ತವೆಂದೇ ಅಂದುಕೊಂಡೆ.

ತಾಟು ತುಸು ಭಾರ ಕಳೆದುಕೊಂಡಿತು. ಮುತ್ಯಾ ಚಿಟಿಕೆ ಎತ್ತಿರಲಿಲ್ಲ, ಹಿಡಿ ತುಂಬ ಎತ್ತಿದ್ದ.

"ಬೀರೋಬಾನ ಆಣಿ. ನಾ ಎತ್ತಿದ್ದು ಆಟ ಮುಗಿಯೂತನ ಕೆಳಗ ಬೀಳಂಗಿಲ್ಲ," ಎಂದ. ಮುಷ್ಟಿ ಬಿಗಿದು, ನನ್ನ ಕಡೆ ನೋಡದೆ, ಒಳಗೆ ಹೋದ. ಆಮೇಲೆ ಒಬ್ಬೊಬ್ಬರೇ ಬಂದು ಚಿಟಿಕೆ ಎತ್ತಿ, ಮಾತು ಕೊಟ್ಟು, ಹಣೆಗೆ ಹಚ್ಚಿಕೊಂಡು ಮುಂದೆ ಸರಿದರು. ಗೊಣಗಿದವನೂ ಎತ್ತಿದ.

ಬಾರ್ಶಿಯ ತಂಡ ಅಂದಿನ ಎದುರಾಳಿ. ನಮಗಿಂತ ಬಹಳ ಮೇಲಿನವರು. ನಮ್ಮ ಹುಡುಗರು ಒಳಗೆ ಓಡಿ ಬಂದಾಗ 'ಚಾಂಗಭಲ' ಮಾತ್ರ ಹಾರಿತು, ಹಳದಿ ಹಾರಲಿಲ್ಲ. ಹುಡುಗರೇ ಏನೋ ಕಳೆದುಕೊಂಡವರಂತೆ ಮೇಲೆ ನೋಡಿದರು. ನಾನು ಐಸು ಕೊಡುತ್ತ, ಬೆವರು ಬಿದ್ದಲ್ಲಿ ಒರೆಸುತ್ತ, ಹಾಡು ಹಚ್ಚುತ್ತ ಓಡಾಡಿದರೂ ಕಣ್ಣು ಮುತ್ಯಾನ ಬಲಗೈ ಬಿಟ್ಟು ಕದಲಲಿಲ್ಲ. ಉಳಿದವರೆಲ್ಲ ಹಣೆಗೆ ಹಚ್ಚಿಕೊಂಡು ಕೈ ಖಾಲಿ ಮಾಡಿಕೊಂಡಿದ್ದರು. ಅವನೊಬ್ಬ ಮುಷ್ಟಿ ತೆರೆಯದೆ ಕೂತಿದ್ದ. ಕೆಳಗೆ ಬೀಳಂಗಿಲ್ಲ ಎಂದಿದ್ದನಲ್ಲ. ಚಪ್ಪಾಳೆ ತಟ್ಟಲಾಗದೆ ತೊಡೆ ತಟ್ಟಿದ. ಚಹ ಬಂದಾಗ ಎಡಗೈಯಲ್ಲಿ ಕುಡಿದ, ಅವನ ಜನ್ಮದಲ್ಲಿ ಮೊದಲ ಸಲ ಇರಬೇಕು. ಪಕ್ಕದವನು ಏನೋ ಹೇಳಿ ನಕ್ಕರೂ ಇವನು ನಗಲಿಲ್ಲ.

ಆಟ ಮಾತ್ರ ಆ ವರ್ಷದ ಎಲ್ಲಕ್ಕಿಂತ ಚಂದ ಆಯಿತು. ಮ್ಯಾಟು ಒಣಗಿತ್ತು, ಕಾಲು ನಿಲ್ಲುತ್ತಿತ್ತು. ಬಾರ್ಶಿಯವರು ಮುಂದೆ ಹೋದರು, ನಮ್ಮವರು ಹಿಡಿದರು, ಮತ್ತೆ ಹೋದರು. ಕೊನೆಗೆ ಅವರದು ಒಂದು ಪಾಯಿಂಟು ಹೆಚ್ಚಿದ್ದಾಗ ಸಿದ್ಧಾರ್ಥ ರೇಡಿಗೆ ಹೊರಟ. ಅವನು ಎಡಕ್ಕೆ ಹೋದಂತೆ ಮಾಡಿ ಬಲಕ್ಕೆ ಬಾಗಿ ಒಬ್ಬನ ಮೊಣಕಾಲು ಮುಟ್ಟಿದ, ಆ ಆಟಗಾರ ಸೊಂಟಕ್ಕೆ ಜೋತುಬಿದ್ದರೂ ಎಳೆದುಕೊಂಡು ಬಂದು ನಡುಗೆರೆಗೆ ಬೆರಳು ತಾಗಿಸಿದ.

ಇಡೀ ಹಾಲು ಎದ್ದು ನಿಂತಿತು. ಮುತ್ಯಾನೂ ಎದ್ದ. ಅವನ ಬಲಗೈ ತಾನಾಗಿ ಮೇಲೆ ಹೋಯಿತು. ಜನ್ಮವೆಲ್ಲ ಅಂಥ ಹೊತ್ತಿಗೆ ಹಾರಿಸಿದ ಕೈ ಅದು, ಅದಕ್ಕೆ ಬೇರೇನು ಗೊತ್ತು? ಆಟದ ಕೊನೆಯ ಸೀಟಿ ಇನ್ನೂ ಆಗಿರಲಿಲ್ಲ. ನಾನು "ಮುತ್ಯಾ!" ಎಂದು ಕೂಗಿದೆ, ನನ್ನ ಕೂಗು ಆ ಗದ್ದಲದಲ್ಲಿ ನನಗೇ ಕೇಳಲಿಲ್ಲ. ಕೈ ಮೇಲೇ ಇತ್ತು. ಮುಷ್ಟಿ ತೆರೆಯಲಿಲ್ಲ. ಅದನ್ನು ಎಡಗೈಯಿಂದ ಹಿಡಿದು, ಹಟ ಹಿಡಿದ ಟಗರನ್ನು ಜಗ್ಗುವ ಹಾಗೆ ಜಗ್ಗಿ, ಕೆಳಗಿಳಿಸಿಕೊಂಡು ಕೂತ.

ಅಷ್ಟರಲ್ಲಿ ಸೀಟಿ ಆಯಿತು. ಪಂದ್ಯ ಸಮ. ಗೆದ್ದವರೂ ಇಲ್ಲ, ಸೋತವರೂ ಇಲ್ಲ. ನಮ್ಮ ಮಂದಿ ಏನು ಮಾಡಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. "ಕುಸ್ತಿ ಬರೋಬರಿ ಆತು," ಎಂದು ಯಾರೋ ಹಿರಿಯರು ಹೇಳಿದ ಮೇಲೆ ಎಲ್ಲರಿಗೂ ಸಮಾಧಾನವಾಗಿ ಒಟ್ಟಿಗೆ ಕೂಗಿದರು. ರೆಫರಿ ಮ್ಯಾಟಿನ ಮೇಲೆ ಬಗ್ಗಿ, ಅಂಗೈಯಿಂದ ಒರೆಸಿ, ಅಂಗೈ ನೋಡಿಕೊಂಡರು. "ಠೀಕ ಆಹೆ," ಎಂದರು. ಅದರ ಮುಂದಿನ ವರ್ಷವೂ ಪಂದ್ಯ ಅಕ್ಕಲಕೋಟದಲ್ಲೇ ಉಳಿಯಿತು, ಇಂದಿಗೂ ಆ ಕಾರ್ಯಾಲಯದಲ್ಲೇ ಆಗುತ್ತದೆ. ಅಕ್ಷತೆ ಗುಡಿಸಲು ಬೇರೆ ಯಾರೋ ಇದ್ದಾರೆ.

ಸಿದ್ಧಾರ್ಥ ಮತ್ತು ಉಳಿದ ಹುಡುಗರು ಬೆವರು ಸುರಿಸುತ್ತ ಮುತ್ಯಾನ ಹತ್ತಿರ ಹೋದರು. "ಮುತ್ಯಾ, ಆಟ ಮುಗೀತು. ಈಗ ಹಾರಸ್ರಿ," ಎಂದು ಬಗ್ಗಿ ನಿಂತರು. ನಾನು ಮ್ಯಾಟಿನ ಅಂಚಿನಲ್ಲಿ ಮೊಣಕಾಲೂರಿ ಟೇಪು ಕೀಳುತ್ತಿದ್ದೆ. ಅವನು ಮುಷ್ಟಿ ತೆರೆದ, ಕೈ ಒದರಿದ. ಏನೂ ಹಾರಲಿಲ್ಲ. ಅಷ್ಟು ಹೊತ್ತು ಬಿಗಿದಿಟ್ಟ ಬೆವರಿಗೆ ಭಂಡಾರ ಕಲಸಿ ಹಿಟ್ಟಿನಂತಾಗಿ ಅಂಗೈಗೆ ಅಂಟಿತ್ತು. ನಾಲ್ಕು ಉಗುರಿನ ಗುರುತು ಅದರಲ್ಲಿ ಆಳವಾಗಿ ಮೂಡಿತ್ತು.

"ಇದು ಹಾರೂದಲ್ಲಪ್ಪೋ," ಎಂದು ಅವನು ಅಂದು ಮೊದಲ ಸಲ ನಕ್ಕ. ಹುಡುಗರ ಹಣೆಗೆ ಹಚ್ಚುತ್ತಾನೆಂದು ಎಲ್ಲರೂ ಅಂದುಕೊಂಡರು. ಅವನು ಅವರನ್ನು ದಾಟಿ ನನ್ನ ಕಡೆ ಬಂದ. ಮ್ಯಾಟಿನ ಅಂಚಿಗೆ ನಿಂತು, ಚಪ್ಪಲಿ ಕಳೆದು ಬಂದ.

"ಏಳ ಸುರೇಖಾ."

ಎದ್ದೆ.

"ಇವತ್ತ ಸೆಣಸಾಕ ಇಳದಾಕಿ ನೀ. ಅದೂ ನನ್ನ ಜೋಡಿ," ಎಂದ. ಆ ಅಂಗೈಯನ್ನು ಹಾಗೇ ನನ್ನ ಹಣೆಗೆ ಒತ್ತಿದ. ಪರೀಕ್ಷೆಗೆ ಹೊರಟಾಗ ಚಿಟಿಕೆ ಹಾಕಿಸಿಕೊಂಡವಳು ನಾನು. ಗಂಡಸರ ಪಾಲಿನ ಇಡೀ ಹಿಡಿ ನನ್ನ ಪಾಲಿಗೆ ಬರುತ್ತದೆಂದು ಎಂದೂ ಎಣಿಸಿರಲಿಲ್ಲ. ನನಗೆ ಅಳು ಬಂತು, ಅಷ್ಟು ಮಂದಿಯ ಮುಂದೆ ಅತ್ತೆ. ಮೋಹಿತೆ ಸರ್ ಟೆನ್ಶನ್ ತೆಗೆದುಕೊಳ್ಳಬೇಡ ಎಂದೂ ಹೇಳಲಿಲ್ಲ. ಅವರೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಬಾಗಿ ನಿಂತಿದ್ದ ಸಿದ್ಧಾರ್ಥ ಬಾಗಿದಲ್ಲಿಂದಲೇ, "ಸ್ವಲ್ಪ ನಮಗೂ ಉಳಸ್ರಿ ಮುತ್ಯಾ," ಎಂದ.

ಸೋಲಾಪುರದ ಬಸ್ಸಿನಲ್ಲಿ ನಾನು ಮುಖ ತೊಳೆಯದೆ ಕೂತಿದ್ದೆ. ಹಣೆಯ ಮೇಲೆ ಐದು ಬೆರಳಿನ ಹಳದಿ ಹಾಗೇ ಇತ್ತು. ಕಂಡಕ್ಟರು ತಿಕೀಟು ಹರಿಯುತ್ತ ಅದನ್ನು ನೋಡಿ ಭಕ್ತಿಯಿಂದ ಕೇಳಿದರು: "ಯಾವ ದೇವರಿಗೆ ಹೋಗಿದ್ರೆವ್ವಾ?"

"ದೇವರಿಗೆ ಅಲ್ರಿ," ಎಂದೆ. "ಡ್ಯೂಟಿಗೆ."